ಮನೆಯಲ್ಲಿ ನಾಲ್ಕು ದನಿ ಸೇರಿಸುತ್ತಿದ್ದೇನೆ, ಎರಡನೆಯ ಟ್ರ್ಯಾಕ್‌ನಿಂದ ಎಲ್ಲ ಹಿಂದೆ ಬೀಳುತ್ತಿದೆ. ಸಹಾಯ ಮಾಡಿ

ಶಿರಸಿ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಒದ್ದಾಡುತ್ತಿದ್ದೇನೆ, ಯಾರಾದರೂ ದಾರಿ ತೋರಿಸಿ.

ಈ ಚೌತಿಗೆ ಅಮ್ಮನಿಗೆ 70 ತುಂಬುತ್ತದೆ. ಚಿಕ್ಕಂದಿನಲ್ಲಿ ಅವಳು ನಮಗೆ ಕಲಿಸಿದ ಒಂದು ದೇವರನಾಮ ಇದೆ. ಅದನ್ನು ಅಮ್ಮ, ನಾನು, ನನ್ನ ಮಗಳು, ಪುಣೆಯಲ್ಲಿರುವ ತಂಗಿ ನಾಲ್ಕು ಜನ ಒಟ್ಟಿಗೆ ಹಾಡಿದ ಹಾಗೆ ರೆಕಾರ್ಡ್ ಮಾಡಿ ಇಡಬೇಕು ಅಂತ ಆಸೆ. ಎಲ್ಲರೂ ಒಂದೇ ದಿನ ಒಂದೇ ಕಡೆ ಸೇರುವುದು ಆಗದ ಮಾತು. ಅದಕ್ಕೇ ಒಬ್ಬೊಬ್ಬರ ದನಿ ಬೇರೆ ಬೇರೆ ತೆಗೆದು ಒಂದರ ಕೆಳಗೆ ಒಂದು ಜೋಡಿಸುತ್ತಿದ್ದೇನೆ.

ನನ್ನ ಹತ್ತಿರ ಇರುವುದು ವಿಂಡೋಸ್ ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್ (ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ವೈರ್ ಇರುವ ಹೆಡ್‌ಫೋನ್, ಆಡಾಸಿಟಿ 3 ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಮೊದಲ ಟ್ರ್ಯಾಕ್‌ನಲ್ಲಿ ತಂಬೂರಿ ಶ್ರುತಿ ಮತ್ತು ನಿಮಿಷಕ್ಕೆ 72ರ ವೇಗದ ಕ್ಲಿಕ್ ಇದೆ. ಆದಿತಾಳ, ಹಾಡು ಸುಮಾರು 6 ನಿಮಿಷ.

ನಾನು ಹಾಡಿದಾಗ ಕ್ಲಿಕ್‌ಗೆ ಸರಿಯಾಗಿಯೇ ಇದ್ದೇನೆ ಅನಿಸುತ್ತದೆ. ಆದರೆ ಮತ್ತೆ ಕೇಳಿದರೆ ದನಿ ತಾಳದ ಹಿಂದೆ ನಡೆಯುತ್ತಿದೆ. ಮಗಳದ್ದೂ ಹಾಗೇ. ಇಬ್ಬರ ಕ್ಲಿಪ್ಪನ್ನೂ ಮೌಸ್‌ನಲ್ಲಿ ಹಿಡಿದು ಎಡಕ್ಕೆ ಎಳೆದು ಕೂರಿಸಿದೆ. ತಂಗಿ ಮೊಬೈಲ್‌ನಲ್ಲಿ ಹಾಡಿ ಕಳಿಸಿದ್ದು ಇನ್ನೂ ಕಷ್ಟ. ಪಲ್ಲವಿಗೆ ಸರಿ ಮಾಡಿದರೆ ಕೊನೆಯ ಚರಣದಲ್ಲಿ ಹಿಂದೆ ಬೀಳುತ್ತದೆ, ಕೊನೆಗೆ ಸರಿ ಮಾಡಿದರೆ ಪಲ್ಲವಿಯಲ್ಲಿ ಮುಂದೆ ಓಡುತ್ತದೆ. ಅಮ್ಮನದು ಬೇರೆಯೇ ಕಥೆ. ಮೂರನೆಯ ಚರಣ ಬರುವಷ್ಟರಲ್ಲಿ ಅವಳ ಹಾಡು ಎಳೆದ ಹಾಗೆ ಆಗುತ್ತದೆ. ಎದುರಿಗೆ ಕೂತು ಹಾಡುವಾಗ ಅವಳ ತಾಳ ಒಂದು ದಿನವೂ ತಪ್ಪಿದ್ದಿಲ್ಲ.

ಎಲ್ಲ ಕೈಯಲ್ಲೇ ಎಳೆದು ಕೂರಿಸಬೇಕಾ? ಅಥವಾ ಬೇರೆ ದಾರಿ ಇದೆಯಾ?

ಹೊಸಬ_ಹಾಡುಗಾರ

ನನಗೂ ಇದೇ ತೊಂದರೆ ಇತ್ತು. ಏಸಿಯೋ ಡ್ರೈವರ್ (ಸಾಫ್ಟ್‌ವೇರ್‌ಗೂ ಇಂಟರ್‌ಫೇಸ್‌ಗೂ ನಡುವಿನ ನೇರ ದಾರಿ) ಹಾಕಿ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ಚೂರು) 128 ಸ್ಯಾಂಪಲ್‌ಗೆ ಇಳಿಸಿ. ಎಲ್ಲ ಸರಿಹೋಗುತ್ತದೆ.

ಧಾರವಾಡ_ಪೇಢಾ

ಅಕ್ಕಾರ, ಕೈಯಿಂದ ಎಳೆಯೋದರಾಗ ತಪ್ಪೇನಿಲ್ಲ ನೋಡ್ರಿ. ನಾನು ವಚನ ಹಾಡಿ ಹಾಕ್ತೀನಿ, ಹಿಂಗ ಮಾಡ್ತೀನಿ. ಕಿವಿಗೆ ಸರಿ ಅನ್ನಿಸಿದರೆ ಮುಗೀತು.

ಕೋಣೆ_ಸ್ಟುಡಿಯೋ

ಮೇಡಂ, ದಯವಿಟ್ಟು ಎಳೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ನೀವು ಬರೆದದ್ದರಲ್ಲೇ ಉತ್ತರ ಇದೆ. ನಿಮಗೆ ಇರುವುದು ಒಂದು ತೊಂದರೆ ಅಲ್ಲ, ಮೂರು. ಮೂರಕ್ಕೂ ಮದ್ದು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ತಿಂಗಳಲ್ಲ, ವರ್ಷ ಕಳೆದರೂ ಮುಗಿಯುವುದಿಲ್ಲ.

ನಿಮ್ಮದೂ ಮಗಳದ್ದೂ ಮೊದಲಿನಿಂದ ಕೊನೆಯವರೆಗೂ ಒಂದೇ ಅಳತೆಯಲ್ಲಿ ತಡ ಇದೆ ಅಲ್ವಾ? ಅದು ಕಂಪ್ಯೂಟರ್ ಮಾಡುವ ತಡ. ತಂಗಿಯದು ಹೋಗ್ತಾ ಹೋಗ್ತಾ ಬೆಳೆಯುವ ತಡ, ಎರಡು ಯಂತ್ರಗಳ ಗಡಿಯಾರ ಬೇರೆ ಬೇರೆ ಇರುವುದರಿಂದ ಬರುವುದು. ಅಮ್ಮನದು ಹಾಡುವಾಗಲೇ ಆದದ್ದು, ಅದಕ್ಕೆ ಕಾರಣ ಅವರ ಕಿವಿಗೆ ಏನು ಬೀಳುತ್ತಿತ್ತು ಅನ್ನುವುದರಲ್ಲಿ ಇರಬಹುದು.

ಮೊದಲನೆಯದನ್ನು ಈಗಲೇ ಮುಗಿಸೋಣ. ನೀವು ಹಾಡುವಾಗ ಕ್ಲಿಕ್ ಲ್ಯಾಪ್‌ಟಾಪ್‌ನಿಂದ ಹೊರಟು ನಿಮ್ಮ ಕಿವಿಗೆ ಬರಲು ಸ್ವಲ್ಪ ಹೊತ್ತು ಬೇಕು. ನಿಮ್ಮ ದನಿ ಮೈಕ್‌ನಿಂದ ಒಳಗೆ ಹೋಗಲು ಇನ್ನಷ್ಟು ಹೊತ್ತು. ಎರಡೂ ಸೇರಿದ ತಡವನ್ನು ಸಾಫ್ಟ್‌ವೇರ್ ಕಳೆದು ಟ್ರ್ಯಾಕನ್ನು ಎಡಕ್ಕೆ ಸರಿಸಬೇಕು. ಆಡಾಸಿಟಿ ಇದನ್ನು ಒಂದು ಅಂದಾಜಿನ ಮೇಲೆ ಮಾಡುತ್ತದೆ. ಪ್ರಿಫರೆನ್ಸಸ್‌ನಲ್ಲಿ ಆಡಿಯೋ ಸೆಟ್ಟಿಂಗ್ಸ್ ತೆಗೆದು ನೋಡಿ, ಲೇಟೆನ್ಸಿ ಕಾಂಪೆನ್ಸೇಶನ್ ಅಂತ ಇರುತ್ತದೆ, ಅದರಲ್ಲಿ -130 ಮಿಲಿಸೆಕೆಂಡ್ ಅಂತ ಇರುತ್ತದೆ. ಅದು ಎಲ್ಲರಿಗೂ ಕೊಟ್ಟ ಒಂದೇ ಸಂಖ್ಯೆ. ನಿಮ್ಮ ಯಂತ್ರದ್ದು ಅದೇ ಆಗಿರಬೇಕು ಅಂತೇನಿಲ್ಲ, ಅಳೆದು ಹಾಕಬೇಕು.

ಅಳೆಯುವುದು ಹೀಗೆ. ಹೊಸ ಪ್ರಾಜೆಕ್ಟ್‌ನಲ್ಲಿ ರಿದಮ್ ಟ್ರ್ಯಾಕ್ ಹುಟ್ಟಿಸಿ. ಹೆಡ್‌ಫೋನಿನ ಒಂದು ಕಿವಿಯನ್ನು ಮೈಕ್‌ಗೆ ಒತ್ತಿ ಹಿಡಿಯಿರಿ. ರೆಕಾರ್ಡ್ ಮಾಡಿ. ಕೆಳಗಿನ ಟ್ರ್ಯಾಕ್‌ನಲ್ಲಿ ಅದೇ ಕ್ಲಿಕ್ ಬಂದಿರುತ್ತದೆ. ಚೆನ್ನಾಗಿ ಝೂಮ್ ಮಾಡಿ ಮೇಲಿನ ಕ್ಲಿಕ್‌ನ ತುದಿಯಿಂದ ಕೆಳಗಿನ ಕ್ಲಿಕ್‌ನ ತುದಿವರೆಗೆ ಸೆಲೆಕ್ಟ್ ಮಾಡಿದರೆ ಎಷ್ಟು ಅಂತರ ಅಂತ ಕಾಣುತ್ತದೆ. 5-6 ಕಡೆ ನೋಡಿ. ಎಲ್ಲ ಕಡೆ ಒಂದೇ ಬಂದರೆ ಅದೇ ನಿಮ್ಮ ಸಂಖ್ಯೆ.

ಕೋಣೆ_ಸ್ಟುಡಿಯೋ

ಹೊಸಬ ಅವರಿಗೆ: ಬಫರ್ ಇಳಿಸಿದರೆ ಹಾಡುವಾಗ ನಮ್ಮ ದನಿ ನಮಗೆ ಬೇಗ ಕೇಳುತ್ತದೆ, ಅಷ್ಟೇ. ಸೆಕೆಂಡಿಗೆ 48,000 ಸ್ಯಾಂಪಲ್‌ನಲ್ಲಿ 128 ಅಂದರೆ 2.7 ಮಿಲಿಸೆಕೆಂಡ್, 1,024 ಅಂದರೆ 21.3. ಆದರೆ ರೆಕಾರ್ಡ್ ಆದ ಟ್ರ್ಯಾಕ್ ಟೈಮ್‌ಲೈನ್‌ನಲ್ಲಿ ಎಲ್ಲಿ ಕೂರುತ್ತದೆ ಅನ್ನುವುದು ಕಾಂಪೆನ್ಸೇಶನ್‌ನ ಕೆಲಸ. ಅದು ಸರಿ ಇದ್ದರೆ 1,024ರಲ್ಲೂ ಟ್ರ್ಯಾಕ್ ತಾಳಕ್ಕೆ ಸರಿಯಾಗಿಯೇ ಕೂರುತ್ತದೆ. ಈ ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಜನ ದುಡ್ಡು ಕೊಟ್ಟು ಹೊಸ ಇಂಟರ್‌ಫೇಸ್ ತಂದಿದ್ದಾರೆ. ಇನ್ನೊಂದು, ಆಡಾಸಿಟಿ 3ರ ರೆಡಿ ಇನ್‌ಸ್ಟಾಲರ್‌ನಲ್ಲಿ ಏಸಿಯೋ ಇರುವುದಿಲ್ಲ. ಮೇಡಂ ಬಳಿ ಎಂಎಂಇ, ಡೈರೆಕ್ಟ್‌ಸೌಂಡ್, ವಸಾಪಿ ಅನ್ನುವ ವಿಂಡೋಸ್‌ನ ದಾರಿಗಳು ಮಾತ್ರ ಕಾಣುತ್ತವೆ.

ಹೊಸಬ_ಹಾಡುಗಾರ

ಓ ಹಾಗಾ. ನಾನು ರೀಪರ್ ಅನ್ನುವ ಸಾಫ್ಟ್‌ವೇರ್ ಬಳಸುವುದು. ಏಸಿಯೋ ಹಾಕಿದ ಕೂಡಲೇ ಟ್ರ್ಯಾಕ್ ತಾನೇ ಸರಿ ಕೂತಿತ್ತು. ಅದಕ್ಕೆ ಬಫರ್‌ನಿಂದ ಅಂದುಕೊಂಡಿದ್ದೆ.

ಕೋಣೆ_ಸ್ಟುಡಿಯೋ

ಏಸಿಯೋ ಡ್ರೈವರ್ ತನ್ನ ತಡ ಎಷ್ಟು ಅಂತ ರೀಪರ್‌ಗೆ ಹೇಳುತ್ತದೆ, ರೀಪರ್ ಅಷ್ಟನ್ನು ಕಳೆಯುತ್ತದೆ. ಅದಕ್ಕೇ ಸರಿ ಕೂತದ್ದು. ಕೆಲವು ಡ್ರೈವರ್‌ಗಳು ಹೇಳುವ ಲೆಕ್ಕ ನಿಜಕ್ಕಿಂತ ಕಡಿಮೆ ಇರುತ್ತದೆ. ನೀವೂ ಒಮ್ಮೆ ಅಳೆದು ನೋಡಿ, ಉಳಿದ ಸ್ಯಾಂಪಲ್‌ಗಳನ್ನು ಮ್ಯಾನುಯಲ್ ಆಫ್‌ಸೆಟ್‌ನಲ್ಲಿ ಹಾಕಬಹುದು.

ಪುಸ್ತಕ_ಓದುವವಳು

ಒಂದು ಎಚ್ಚರಿಕೆ. ಹೆಡ್‌ಫೋನ್ ಮೈಕ್‌ಗೆ ಹಿಡಿಯುವ ಬದಲು ಕೇಬಲ್‌ನಲ್ಲೇ ಔಟ್‌ಪುಟ್ಟನ್ನು ಇನ್‌ಪುಟ್‌ಗೆ ಕೊಡೋಣ ಅಂತ ನಾನು ಹೆಡ್‌ಫೋನ್ ಜಾಕ್‌ನಿಂದ ಸ್ಟೀರಿಯೋ ಕೇಬಲ್ ಎಳೆದೆ. ಏನೂ ರೆಕಾರ್ಡ್ ಆಗಲಿಲ್ಲ. ಇಂಟರ್‌ಫೇಸೇ ಹೋಯ್ತು ಅಂತ ಗಾಬರಿಯಾಗಿ ಇಡೀ ಸಂಜೆ ಹಾಳಾಯಿತು. ಯಾಕೆ ಹೀಗಾಗುತ್ತದೆ?

ಹಳೇ_ಟೇಪು

ತಾಯಿ, ಇಂಟರ್‌ಫೇಸ್‌ನ ಆ ಇನ್‌ಪುಟ್ ಬ್ಯಾಲೆನ್ಸ್ಡ್. ಒಳಗೆ ಬರುವ ಎರಡು ತಂತಿಗಳ ವ್ಯತ್ಯಾಸವನ್ನು ಮಾತ್ರ ಅದು ತೆಗೆದುಕೊಳ್ಳುತ್ತದೆ. ಹೆಡ್‌ಫೋನ್ ಜಾಕ್‌ನ ಎಡ ಬಲ ಎರಡರಲ್ಲೂ ಒಂದೇ ಕ್ಲಿಕ್ ಇದ್ದರೆ ಒಂದರಲ್ಲಿ ಒಂದನ್ನು ಕಳೆದ ಹಾಗೆ ಆಯಿತು, ಸೊನ್ನೆ. ಹಿಂದಿನ ಮೇನ್ ಔಟ್‌ನಿಂದ ಒಂದೇ ಕೇಬಲ್ ತೆಗೆದು ಕೊಡಿ, ಬರುತ್ತದೆ. ಆಗ ಡೈರೆಕ್ಟ್ ಮಾನಿಟರ್ (ಒಳಗೆ ಬಂದ ದನಿಯನ್ನು ನೇರ ಹೊರಗೆ ಕೊಡುವ ಬಟನ್) ಆಫ್ ಇರಲಿ, ಇಲ್ಲದಿದ್ದರೆ ಸುತ್ತಿ ಸುತ್ತಿ ಕೂಗುತ್ತದೆ. ಗೇನ್ ಪೂರ್ತಿ ಕೆಳಗಿಟ್ಟು ನಿಧಾನ ಏರಿಸಿ.

ಈ ತಡದ ಕಥೆ ಇವತ್ತಿನದಲ್ಲ. ನಾನು ಟೇಪಿನ ಕಾಲದವನು. ಆ ಯಂತ್ರದಲ್ಲಿ ರೆಕಾರ್ಡ್ ಹೆಡ್ ಒಂದು ಕಡೆ, ಪ್ಲೇ ಹೆಡ್ ಅದರ ಮುಂದೆ ಇನ್ನೊಂದು ಕಡೆ. ಟೇಪು ಸೆಕೆಂಡಿಗೆ 38 ಸೆಂ.ಮೀ. ಓಡುತ್ತದೆ ಅಂದುಕೊಳ್ಳಿ, ಎರಡು ಹೆಡ್ ನಡುವೆ 5 ಸೆಂ.ಮೀ. ಇದ್ದರೆ ಹೊಸ ದನಿ ಹಳೆಯ ದನಿಗಿಂತ ಸುಮಾರು 130 ಮಿಲಿಸೆಕೆಂಡ್ ಹಿಂದೆ. ಆಡಾಸಿಟಿಯ ಸಂಖ್ಯೆ ನೋಡಿ ನನಗೆ ಅದೇ ನೆನಪಾಯಿತು! 1950ರ ದಶಕದ ನಡುವೆ ಆಂಪೆಕ್ಸ್ ಕಂಪನಿಯವರು ಇದಕ್ಕೆ ಉಪಾಯ ಕಂಡುಹಿಡಿದರು. ಹಳೆಯ ಟ್ರ್ಯಾಕನ್ನು ಪ್ಲೇ ಹೆಡ್‌ನಿಂದ ಕೇಳುವ ಬದಲು ರೆಕಾರ್ಡ್ ಹೆಡ್‌ನಿಂದಲೇ ಕೇಳಿಸಿದರು. ಕೇಳುವ ಜಾಗ, ಬರೆಯುವ ಜಾಗ ಒಂದೇ ಆಯಿತು, ತಡ ಹೋಯಿತು. ಸೆಲ್-ಸಿಂಕ್ ಅಂತ ಹೆಸರು. ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ 1957ರಲ್ಲಿ 8 ಟ್ರ್ಯಾಕ್‌ನ ಯಂತ್ರ ಮಾಡಿಕೊಟ್ಟದ್ದು ಇದರ ಮೇಲೆಯೇ. ರೆಕಾರ್ಡ್ ಹೆಡ್‌ನಿಂದ ಕೇಳುವಾಗ ದನಿ ಸ್ವಲ್ಪ ಮಂಕಾಗಿರುತ್ತಿತ್ತು, ಹಾಡುವವರು ಅದಕ್ಕೆ ಹೊಂದಿಕೊಳ್ಳುತ್ತಿದ್ದರು.

ಪುಸ್ತಕ_ಓದುವವಳು

ಅಬ್ಬಾ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. ಇನ್ನಷ್ಟು ಬರೆಯಿರಿ ಸರ್.

ಲಯವೇ_ಮುಖ್ಯ

ನಾನು ಮೃದಂಗ ನುಡಿಸುವವನು, ಸ್ವಲ್ಪ ಬೇರೆ ಮಾತು ಹೇಳಬೇಕು. ಎಲ್ಲರೂ ಮಿಲಿಸೆಕೆಂಡ್ ಹಿಂದೆ ಬಿದ್ದಿದ್ದೀರಿ. ಮೊದಲು ಹಾಡುವವರಿಗೆ ತಾಳ ಕೈಯಲ್ಲಿ ಬರಬೇಕು. ಬರೀ ಟಿಕ್ ಟಿಕ್ ಅನ್ನುವ ಕ್ಲಿಕ್‌ನಲ್ಲಿ ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಆದಿತಾಳ ಅಂದರೆ 4, 2, 2. ಆ ಪೆಟ್ಟು, ಬೆರಳು, ಹುಸಿ ಎಲ್ಲ ಇದ್ದರೆ ತಾನೇ ಹಾಡುವವರಿಗೆ ನಡೆ ಸಿಗುವುದು? ನಿಮ್ಮ ಅಮ್ಮ ಎಳೆಯುತ್ತಿರುವುದು ಅದಕ್ಕೇ. ಕ್ಲಿಕ್ ತೆಗೆಯಿರಿ, ಮೃದಂಗವೋ ಖಂಜಿರವೋ ಒಂದು ಸರಳ ಠೇಕಾ ಹಾಕಿ.

ಇನ್ನೊಂದು. ಯಾರೂ ಕ್ವಾಂಟೈಸ್ ಅಂತ ಹೇಳಿ ಇವರ ಹಾಡು ಕೆಡಿಸಬೇಡಿ. ನಮ್ಮ ಎಷ್ಟೋ ಹಾಡುಗಳ ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಸಮದಲ್ಲಿ ಇರುವುದಿಲ್ಲ. ತಾಳ ಬಿದ್ದ ಮೇಲೆ ಅರ್ಧ ಅಕ್ಷರ ಬಿಟ್ಟು ಎತ್ತಿಕೊಳ್ಳುತ್ತೇವೆ, ಅನಾಗತ. ಕಂಪ್ಯೂಟರ್ ಅದನ್ನು ತಪ್ಪು ಅಂತ ತಿಳಿದು ಹತ್ತಿರದ ಪೆಟ್ಟಿನ ಮೇಲೆ ಎಳೆದು ಕೂರಿಸುತ್ತದೆ. ಹಾಡಿನ ಜೀವವೇ ಹೋಗುತ್ತದೆ.

ಕೋಣೆ_ಸ್ಟುಡಿಯೋ

ಕ್ವಾಂಟೈಸ್ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಕೇಳಿಕೊಂಡು ಹಾಡಲು ತಾಳದ ಗೈಡ್ ಟ್ರ್ಯಾಕ್ ಹಾಕುವ ಮಾತೂ ಒಪ್ಪಿದೆ. ಆದರೆ ಮಿಲಿಸೆಕೆಂಡ್ ಬೇಡ ಅನ್ನುವುದನ್ನು ಒಪ್ಪಲಾರೆ. ಇವರ ಮಗಳು ತಾಳಕ್ಕೆ ಸರಿಯಾಗಿ ಹಾಡಿದ್ದಾಳೆ, ಯಂತ್ರ ಅದನ್ನು ಹಿಂದೆ ಹಾಕಿದೆ. ಆ ಮಗುವಿಗೆ ಇನ್ನೂ ಅಭ್ಯಾಸ ಮಾಡು ಅಂದರೆ ಅನ್ಯಾಯ. ತಪ್ಪು ಯಾರದು ಅಂತ ಗೊತ್ತಾಗಬೇಕಾದರೆ ಮೊದಲು ಅಳೆಯಲೇಬೇಕು.

ಲಯವೇ_ಮುಖ್ಯ

ಸರಿ, ಅದು ನ್ಯಾಯವಾದ ಮಾತು.

ಶಿರಸಿ_ಮಲ್ಲಿಗೆ

ಅಳೆದೆ! 6 ಕಡೆ ನೋಡಿದೆ, ಎಲ್ಲ ಕಡೆಯೂ 87. ಒಂದು ಕಡೆ ಮಾತ್ರ 88. ಅಂದರೆ -130 ಕಳೆದ ಮೇಲೂ 87 ಉಳಿದಿದೆ ಅಂತ ತಾನೇ? ಈಗ ಏನು ಹಾಕಲಿ, 87 ಅಂತಲಾ?

ಕೋಣೆ_ಸ್ಟುಡಿಯೋ

ಅಲ್ಲ, ಎರಡೂ ಕೂಡಿಸಿ. -217 ಹಾಕಿ. ಆಮೇಲೆ ಇನ್ನೊಮ್ಮೆ ಅದೇ ಪರೀಕ್ಷೆ ಮಾಡಿ, ಕ್ಲಿಕ್ ಮೇಲೆ ಕ್ಲಿಕ್ ಕೂರಬೇಕು. ಕೆಳಗಿನದು ಮುಂದೆ ಬಂದಿದ್ದರೆ ಜಾಸ್ತಿ ಆಯಿತು ಅಂತ ಅರ್ಥ, ಸ್ವಲ್ಪ ಇಳಿಸಿ. ನಿಮ್ಮ 72ರ ವೇಗದಲ್ಲಿ ಒಂದು ಅಕ್ಷರ 833 ಮಿಲಿಸೆಕೆಂಡ್. 87 ಅಂದರೆ ಅದರಲ್ಲಿ ಹತ್ತನೆಯ ಒಂದು ಭಾಗ. ಕಿವಿಗೆ ಗೊತ್ತಾಗದೇ ಇರುತ್ತದಾ?

ನೆನಪಿಡಿ, ಎಂಎಂಇಯಿಂದ ವಸಾಪಿಗೆ ಹೋದರೆ, ಬಫರ್ ಬದಲಿಸಿದರೆ, ಸ್ಯಾಂಪಲ್ ರೇಟ್ ಬದಲಿಸಿದರೆ ಈ ಸಂಖ್ಯೆ ಬದಲಾಗುತ್ತದೆ. ಆಗ ಮತ್ತೆ ಅಳೆಯಿರಿ. ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್‌ಗೆ ಅಂಟಿಸಿ.

ಈಗಾಗಲೇ ಹಾಡಿದ ಟ್ರ್ಯಾಕ್‌ಗಳನ್ನು ಮತ್ತೆ ಹಾಡಬೇಕಿಲ್ಲ. ನೀವು ಕೈಯಲ್ಲಿ ಎಳೆದಿರುವುದನ್ನು ಅಂಡೂ ಮಾಡಿ, ಇಬ್ಬರದ್ದನ್ನೂ ಸರಿಯಾಗಿ 87 ಎಡಕ್ಕೆ ಸರಿಸಿ.

ಡಲ್ಲಾಸ್_ಬಳಗ

ತಂಗಿಯ ಟ್ರ್ಯಾಕ್ ಬಗ್ಗೆ ನಾನು ಹೇಳಬಹುದು. ಕೋವಿಡ್ ಸಮಯದಲ್ಲಿ ನಮ್ಮ ಕನ್ನಡ ಕೂಟದ 11 ಜನ ಅವರವರ ಮನೆಯಿಂದ ಹಾಡಿ ಕಳಿಸಿದ್ದನ್ನು ನಾನೇ ಸೇರಿಸಿದ್ದು. ರಾಜ್ಯೋತ್ಸವಕ್ಕೆ ಎರಡೇ ದಿನ ಇತ್ತು, ಅತ್ತೇಬಿಟ್ಟಿದ್ದೆ. ಕಲಿತದ್ದು ಇಷ್ಟು: ಹಾಡುವ ಮೊದಲು ಎಲ್ಲರೂ ಗೈಡ್ ಟ್ರ್ಯಾಕ್ ಜೊತೆ ನಾಲ್ಕು ಚಪ್ಪಾಳೆ ಹೊಡೆಯಬೇಕು. ಚಪ್ಪಾಳೆಗೆ ಚಪ್ಪಾಳೆ ಕೂರಿಸಿದರೆ ಹಾಡೂ ಕೂರುತ್ತದೆ.

ಧಾರವಾಡ_ಪೇಢಾ

ಮೊಬೈಲ್ 48,000ದಾಗ ರೆಕಾರ್ಡ್ ಮಾಡಿರತೈತಿ, ಇವರ ಪ್ರಾಜೆಕ್ಟ್ 44,100 ಇರಬೇಕು. ಅದಕ್ಕ ಕೊನೀಗೆ ತಪ್ಪತೈತಿ. ಅದನ್ನ ಸರಿ ಮಾಡ್ರಿ.

ಕೋಣೆ_ಸ್ಟುಡಿಯೋ

ಅಣ್ಣಾ, ಅದಾಗಿದ್ದರೆ 6 ನಿಮಿಷದ ಹಾಡು 6 ನಿಮಿಷ 32 ಸೆಕೆಂಡ್ ಆಗುತ್ತಿತ್ತು, ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಇಳಿಯುತ್ತಿತ್ತು. ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ಫೈಲ್ ಸರಿಯಾಗಿ ಇಂಪೋರ್ಟ್ ಆದರೆ ಆಡಾಸಿಟಿ ಆ ವ್ಯತ್ಯಾಸವನ್ನು ತಾನೇ ನೋಡಿಕೊಳ್ಳುತ್ತದೆ. ಇವರದು ಸಣ್ಣ ಜಾರಾಟ. ಮೇಡಂ, ಕೊನೆಯಲ್ಲಿ ಎಷ್ಟು ತಪ್ಪುತ್ತದೆ? ತಂಗಿ ಗೈಡ್ ಯಾವುದರಲ್ಲಿ ಕೇಳಿದರು, ಯಾವುದರಲ್ಲಿ ಹಾಡಿದರು?

ಶಿರಸಿ_ಮಲ್ಲಿಗೆ

ಅವಳು ಲ್ಯಾಪ್‌ಟಾಪ್‌ನಲ್ಲಿ ಗೈಡ್ ಹಾಕಿಕೊಂಡು, ಮೊಬೈಲ್ ಎದುರಿಗಿಟ್ಟು ಹಾಡಿದ್ದಾಳೆ. ಬ್ಲೂಟೂತ್ ಇಯರ್‌ಬಡ್ಸ್. ಕೊನೆಯಲ್ಲಿ ಎಷ್ಟು ಅಂತ ಸರಿಯಾಗಿ ಅಳೆಯಲು ಆಗುತ್ತಿಲ್ಲ, ಯಾಕೆಂದರೆ ಅವಳ ದನಿಯಲ್ಲಿ ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅಂತಲೇ ತಿಳಿಯುತ್ತಿಲ್ಲ.

ಪುಸ್ತಕ_ಓದುವವಳು

ಬ್ಲೂಟೂತ್ ಬೇಡವೇ ಬೇಡ! 100-200 ಮಿಲಿಸೆಕೆಂಡ್ ತಡ ಅದರಲ್ಲೇ ಇರುತ್ತದೆ, ಒಮ್ಮೊಮ್ಮೆ ಇನ್ನೂ ಜಾಸ್ತಿ. ನಾವು ನಾಟಕ ರೆಕಾರ್ಡ್ ಮಾಡುವಾಗ ಎಲ್ಲರಿಗೂ ಹೇಳುವ ಮೊದಲ ಮಾತು ವೈರ್ ಇರುವುದು ತನ್ನಿ ಅಂತ.

ಕೋಣೆ_ಸ್ಟುಡಿಯೋ

ತಂಗಿಯವರು ಇನ್ನೊಮ್ಮೆ ಹಾಡಲು ಒಪ್ಪುತ್ತಾರಾ? ಒಪ್ಪಿದರೆ ಹೀಗೆ ಮಾಡಿ. ಡಲ್ಲಾಸ್ ಅವರು ಹೇಳಿದ ಚಪ್ಪಾಳೆ ಒಳ್ಳೆಯದೇ, ಆದರೆ ಚಪ್ಪಾಳೆ ಹೊಡೆಯುವುದೂ ಕೈಯೇ ಅಲ್ವಾ, ಅದೂ ಹಿಂದೆ ಮುಂದೆ ಆಗುತ್ತದೆ. ಅದಕ್ಕಿಂತ ನಂಬಬಹುದಾದ ದಾರಿ ಇದೆ.

ಗೈಡ್ ಟ್ರ್ಯಾಕ್‌ನ ಮೊದಲಲ್ಲಿ 8 ಕ್ಲಿಕ್, ಹಾಡು ಮುಗಿದ ಮೇಲೆ ಮತ್ತೆ 8 ಕ್ಲಿಕ್ ಜೋರಾಗಿ ಇಡಿ. ತಂಗಿ ವೈರ್ ಇರುವ ಇಯರ್‌ಫೋನನ್ನು ಲ್ಯಾಪ್‌ಟಾಪ್‌ಗೆ ಹಾಕಲಿ. ಮೊಬೈಲ್ ರೆಕಾರ್ಡಿಂಗ್ ಶುರು ಮಾಡಿ, ಇಯರ್‌ಫೋನ್‌ನ ಒಂದು ತುದಿಯನ್ನು ಮೊಬೈಲ್ ಮೈಕ್‌ಗೆ ಹಿಡಿಯಲಿ, ಗೈಡ್ ಪ್ಲೇ ಮಾಡಲಿ. 8 ಕ್ಲಿಕ್ ಆದ ಮೇಲೆ ಕಿವಿಗೆ ಹಾಕಿಕೊಳ್ಳಲು ಒಂದು ಆವರ್ತ ಬಿಡುವು ಕೊಡಿ. ಹಾಡು ಮುಗಿದ ಕೂಡಲೇ ಮತ್ತೆ ಮೈಕ್‌ಗೆ ಹಿಡಿದು ಕೊನೆಯ ಕ್ಲಿಕ್‌ಗಳನ್ನೂ ತೆಗೆದುಕೊಳ್ಳಲಿ. ಗೈಡ್‌ನ ಕ್ಲಿಕ್ ಅವರ ರೆಕಾರ್ಡಿಂಗ್‌ನೊಳಗೇ ಬಂದುಬಿಟ್ಟಿತು. ಅವರ ಕಿವಿಗೆ ಯಾವಾಗ ಕೇಳಿತೋ ಅದೇ ಹೊತ್ತಿಗೆ ಫೈಲ್‌ನಲ್ಲೂ ಬಿದ್ದಿದೆ. ಮೊದಲ ಕ್ಲಿಕ್‌ಗೆ ಕೂರಿಸಿ, ಕೊನೆಯದು ಎಷ್ಟು ತಪ್ಪುತ್ತದೆ ಅಂತ ನೋಡಿ. ಅದೇ ಜಾರಾಟ.

ಆಮೇಲೆ ಲೆಕ್ಕ ಸುಲಭ. ಪ್ರತಿ ಯಂತ್ರದಲ್ಲೂ ಒಂದು ಹರಳು ಗಡಿಯಾರ ಇರುತ್ತದೆ, ಯಾವ ಎರಡೂ ಒಂದೇ ವೇಗ ಇರುವುದಿಲ್ಲ. ದಶಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೆ ನಿಮಿಷಕ್ಕೆ 3 ಮಿಲಿಸೆಕೆಂಡ್. ಎಷ್ಟು ಬಂತು ಅಂತ ಹೇಳಿ, ವೇಗ ಎಷ್ಟು ಬದಲಿಸಬೇಕು ಅಂತ ಹೇಳುತ್ತೇನೆ.

ಡಲ್ಲಾಸ್_ಬಳಗ

ಇದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ಸಲ ಹೀಗೇ ಮಾಡುತ್ತೇನೆ. ಒಂದು ಸೇರಿಸಲಾ? ಕೆಲವು ಮೊಬೈಲ್‌ಗಳು ಗದ್ದಲ ಕಡಿಮೆ ಮಾಡುತ್ತೇವೆ ಅಂತ ಕ್ಲಿಕ್ಕನ್ನೇ ಅಳಿಸಿಬಿಡುತ್ತವೆ. ರೆಕಾರ್ಡಿಂಗ್ ಆಪ್‌ನಲ್ಲಿ ನಾಯ್ಸ್ ರಿಡಕ್ಷನ್ ಆಫ್ ಮಾಡಿಸಿ, ವೇವ್ ಫೈಲ್ ಕಳಿಸಲು ಹೇಳಿ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲಿ.

ಹಳೇ_ಟೇಪು

ಗೈಡನ್ನು ಎಂಪಿ3 ಮಾಡಿ ಕಳಿಸಿದ್ದರೆ ಅದನ್ನೂ ಬದಲಿಸಿ. ಎಂಪಿ3 ಮಾಡುವಾಗ ಮುಂದೆ ಒಂದು ಚೂರು ಮೌನ ಸೇರಿಕೊಳ್ಳುತ್ತದೆ. ಲೇಮ್ ಎನ್‌ಕೋಡರ್‌ನಲ್ಲಿ ಬಿಚ್ಚುವಾಗಿನದೂ ಸೇರಿ 1,105 ಸ್ಯಾಂಪಲ್, 44,100ರಲ್ಲಿ ಸುಮಾರು 25 ಮಿಲಿಸೆಕೆಂಡ್. ಕೆಲವು ಸಾಫ್ಟ್‌ವೇರ್ ಅದನ್ನು ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ.

ಹೊಸಬ_ಹಾಡುಗಾರ

ಸ್ವಲ್ಪ ವಿಷಯ ಬಿಟ್ಟು ಕೇಳುತ್ತೇನೆ. ನಾನು ಒಬ್ಬನೇ ಹಾಡುವುದು. ದನಿ ದಪ್ಪ ಕೇಳಲಿ ಅಂತ ನನ್ನ ಟ್ರ್ಯಾಕನ್ನೇ ಕಾಪಿ ಮಾಡಿ 20 ಮಿಲಿಸೆಕೆಂಡ್ ಸರಿಸಿ ಇಡುತ್ತೇನೆ. ಮೊಬೈಲ್ ಸ್ಪೀಕರ್‌ನಲ್ಲಿ ಕೇಳಿದರೆ ಕೊಡದೊಳಗೆ ಹಾಡಿದ ಹಾಗೆ ಕೇಳುತ್ತದೆ. ಯಾಕೆ?

ಹಳೇ_ಟೇಪು

ಒಂದೇ ಅಲೆ ಎರಡು ಸಲ, ಸ್ವಲ್ಪ ಹಿಂದೆ ಮುಂದೆ. ಕೆಲವು ಕಂಪನಾಂಕಗಳಲ್ಲಿ ಒಂದಕ್ಕೊಂದು ಕೂಡುತ್ತದೆ, ಕೆಲವುಗಳಲ್ಲಿ ಒಂದನ್ನೊಂದು ಅಳಿಸುತ್ತದೆ. ಬಾಚಣಿಗೆಯ ಹಲ್ಲಿನ ಹಾಗೆ ನಡುನಡುವೆ ಖಾಲಿ. ಮಗನೇ, ಕಾಪಿ ಬಿಡು, ಎರಡನೇ ಸಲ ನಿಜವಾಗಿಯೇ ಹಾಡು. ಆಗ ಎರಡು ಬೇರೆ ಬೇರೆ ದನಿ, ತುಂಬಿ ಬರುತ್ತದೆ.

ಲಯವೇ_ಮುಖ್ಯ

ಅಮ್ಮನ ವಿಷಯಕ್ಕೆ ಬರೋಣ. ಅವರು ಹೆಡ್‌ಫೋನ್ ಹಾಕಿಕೊಂಡು ಹಾಡಿದ್ದು ಇದೇ ಮೊದಲಾ?

ಶಿರಸಿ_ಮಲ್ಲಿಗೆ

ಹೌದು ಸರ್, ಮೊದಲ ಸಲ. "ನನ್ನ ದನಿ ನನಗೇ ಬಾವಿಯಿಂದ ಬಂದ ಹಾಗೆ ಕೇಳ್ತದೆ" ಅಂತ ಹೇಳುತ್ತಿದ್ದಳು. ನಾನು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ. ಒಂದು ಸಾಲು ಮುಗಿದಾಗ ಕತ್ತು ಓರೆ ಮಾಡಿ ಕಾಯುತ್ತಿದ್ದಳು, ಆಮೇಲೆ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು.

ಕೋಣೆ_ಸ್ಟುಡಿಯೋ

ಅಲ್ಲೇ ಇದೆ ನೋಡಿ ಕಾರಣ! ಅವರ ದನಿ ಆಡಾಸಿಟಿಯೊಳಗೆ ಹೋಗಿ ತಿರುಗಿ ಕಿವಿಗೆ ಬರುತ್ತಿದೆ. ಪ್ಲೇತ್ರೂ ಅನ್ನುವ ಸೆಟ್ಟಿಂಗ್ ಆನ್ ಆಗಿದೆ ಅನಿಸುತ್ತದೆ. ತನ್ನದೇ ದನಿ ತಡವಾಗಿ ಕಿವಿಗೆ ಬಿದ್ದರೆ ಎಂಥ ಹಾಡುಗಾರರೂ ಅದಕ್ಕಾಗಿ ಕಾಯುತ್ತಾರೆ, ಕಾಯುತ್ತಾ ನಿಧಾನ ಆಗುತ್ತಾರೆ. ನಿಮಗೂ ಮಗಳಿಗೂ ಹೆಡ್‌ಫೋನ್ ಅಭ್ಯಾಸ ಇರುವುದರಿಂದ ತಡೆದುಕೊಂಡಿರಿ. ಅವರು 60 ವರ್ಷದಿಂದ ಕೋಣೆಯಲ್ಲಿ ತನ್ನ ದನಿ ಕೇಳಿಕೊಂಡು ಹಾಡಿದವರು.

ಆಡಾಸಿಟಿಯಲ್ಲಿ ಪ್ಲೇತ್ರೂ ಆಫ್ ಮಾಡಿ. ಇಂಟರ್‌ಫೇಸ್ ಮೇಲೆ ಡೈರೆಕ್ಟ್ ಮಾನಿಟರ್ ಅಂತ ಬಟನ್ ಇರುತ್ತದೆ, ಅದು ದನಿಯನ್ನು ಕಂಪ್ಯೂಟರ್‌ಗೆ ಕಳಿಸದೆ ನೇರ ಕಿವಿಗೆ ಕೊಡುತ್ತದೆ. ಆದರೆ ಅಮ್ಮನಿಗೆ ಅದೂ ಬೇಡ. ಒಂದು ಕಿವಿ ಮಾತ್ರ ಮುಚ್ಚಿ, ಇನ್ನೊಂದು ಬಿಟ್ಟುಬಿಡಿ. ಬಿಟ್ಟ ಕಿವಿಯ ಕಡೆಯ ದನಿ ಹೊರಗೆ ಸೋರದ ಹಾಗೆ ಪ್ಯಾನ್ ಮಾಡಿ ಒಂದೇ ಕಡೆಗೆ ಕೊಡಿ.

ಲಯವೇ_ಮುಖ್ಯ

ತಾಳ ಹಾಕಲು ಬಿಡಿ ಅವರನ್ನು. ತೊಡೆಯ ಮೇಲೆ ಒಂದು ದಪ್ಪ ದಿಂಬು ಇಟ್ಟುಕೊಂಡು ಅದರ ಮೇಲೆ ತಟ್ಟಿದರೆ ಮೈಕ್‌ಗೆ ಕೇಳುವುದಿಲ್ಲ. ಕೈ ಕಟ್ಟಿ ಹಾಡಿಸಿದರೆ ನಮ್ಮ ಹಿರಿಯರಿಗೆ ಹಾಡೇ ಬರುವುದಿಲ್ಲ.

ಧಾರವಾಡ_ಪೇಢಾ

ಲಯದ ಸರ್ ಹೇಳಿದ್ದು ಖರೆ. ನಮ್ಮ ಅವ್ವನೂ ಹಂಗ, ಕೈ ಆಡಿಸದಿದ್ದರೆ ಸಾಲು ಮರೀತಾಳ.

ಪುಸ್ತಕ_ಓದುವವಳು

ಎಲ್ಲ ಸರಿ ಮಾಡಿದ ಮೇಲೂ ಅಲ್ಲಲ್ಲಿ ಒಂದೊಂದು ಪದ ಹಿಂದೆ ಮುಂದೆ ಇರುತ್ತದಲ್ಲ, ಅದನ್ನು ಸರಿಸುವಾಗ ನಾನು ಅಲೆಯ ಎಡ ತುದಿಗೆ ಎಡ ತುದಿ ಕೂರಿಸುತ್ತೇನೆ. ಕಣ್ಣಿಗೆ ಸರಿ ಇರುತ್ತದೆ, ಕಿವಿಗೆ ಇರುವುದಿಲ್ಲ. ಇದು ನನಗೆ ಯಾವತ್ತೂ ಅರ್ಥ ಆಗಿಲ್ಲ.

ಕೋಣೆ_ಸ್ಟುಡಿಯೋ

ತುಂಬ ಒಳ್ಳೆಯ ಪ್ರಶ್ನೆ. "ಶ್ರೀ" ಅಂತ ಹಾಡಿ ಅಲೆ ನೋಡಿ. ಮೊದಲು "ಶ್" ಅನ್ನುವ ಹುಲ್ಲಿನಂಥ ಸಣ್ಣ ಗದ್ದಲ, ಆಮೇಲೆ "ಈ" ಅನ್ನುವ ದಪ್ಪ ಅಲೆ. ತಾಳದ ಪೆಟ್ಟು ಬೀಳುವುದು ಆ "ಈ" ಶುರುವಾಗುವ ಜಾಗದಲ್ಲಿ. "ಶ್" ಅದಕ್ಕೆ ಮೊದಲೇ ಶುರುವಾಗಿರುತ್ತದೆ, ಒಬ್ಬರದು ಉದ್ದ ಇರುತ್ತದೆ, ಇನ್ನೊಬ್ಬರದು ಚಿಕ್ಕದು. ಎಡ ತುದಿ ಕೂರಿಸಿದರೆ ಸ್ವರ ತಪ್ಪುತ್ತದೆ. ಸ್ವರಕ್ಕೆ ಸ್ವರ ಕೂರಿಸಿ.

ಇನ್ನೊಂದು ಅನುಕೂಲ ನಮ್ಮ ಭಾಷೆಯಲ್ಲಿ ಇದೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುವುದೇ ಹೆಚ್ಚು, ಹಾಗಾಗಿ ಕೊನೆಯಲ್ಲಿ ನಾಲ್ಕು ಜನ ನಾಲ್ಕು ಸಲ "ಟ್" ಅನ್ನುವ ಕಾಟ ಕಡಿಮೆ. ಆದರೆ ನಡುವೆ ಒತ್ತಕ್ಷರ ಬರುತ್ತದೆ. "ಅಪ್ಪ", "ಮುತ್ತು", "ಅಕ್ಕರೆ". ಆ ಒತ್ತು ಹೇಳುವಾಗ ಬಾಯಿ ಮುಚ್ಚಿ ಒಂದು ಕ್ಷಣ ಸದ್ದೇ ಇರುವುದಿಲ್ಲ. ಅಲೆಯಲ್ಲಿ ಅದು ಒಂದು ಬಿಳಿ ಸಂದಿಯಾಗಿ ಕಾಣುತ್ತದೆ. ಕತ್ತರಿಸಿ ಸರಿಸಬೇಕಾದರೆ ಆ ಸಂದಿಯಲ್ಲೇ ಕತ್ತರಿಸಿ, ಗಾಯ ಕಾಣುವುದಿಲ್ಲ. ಉಸಿರು ತೆಗೆದುಕೊಳ್ಳುವ ಜಾಗಕ್ಕಿಂತಲೂ ಇದು ಒಳ್ಳೆಯದು, ಯಾಕೆಂದರೆ ಉಸಿರು ಕತ್ತರಿಸಿದರೆ ಗೊತ್ತಾಗುತ್ತದೆ.

"ಸ", "ಶ" ಜಾಸ್ತಿ ಇರುವ ಸಾಲಿನಲ್ಲಿ ಒಬ್ಬರು ಮಾತ್ರ ಸ್ಪಷ್ಟವಾಗಿ ಹೇಳಿ, ಉಳಿದ ಮೂವರು ಮೆತ್ತಗೆ ಹೇಳಲಿ. ಮೇಳದಲ್ಲಿ ಹಾಡುವವರು ಮಾಡುವುದೂ ಅದನ್ನೇ.

ಪುಸ್ತಕ_ಓದುವವಳು

ಈಗಷ್ಟೇ ಒಂದು ಹಳೆಯ ಫೈಲ್ ತೆರೆದು ನೋಡಿದೆ. "ಮುತ್ತು" ನಡುವೆ ನಿಜವಾಗಿಯೂ ಖಾಲಿ ಇದೆ! ಎಷ್ಟು ವರ್ಷದಿಂದ ಕಣ್ಣೆದುರೇ ಇತ್ತು.

ಹೊಸಬ_ಹಾಡುಗಾರ

ಎಷ್ಟರ ಮಟ್ಟಿಗೆ ಸರಿ ಇದ್ದರೆ ಸಾಕು? ನಾನು ಒಂದೊಂದು ಮಿಲಿಸೆಕೆಂಡ್‌ಗೂ ಕೂತು ಮಾಡುತ್ತೇನೆ, ರಾತ್ರಿ ಎರಡಾಗುತ್ತದೆ.

ಹಳೇ_ಟೇಪು

ಒಟ್ಟಿಗೆ ಹಾಡುವ ದನಿಗಳು 20-30 ಮಿಲಿಸೆಕೆಂಡ್ ಒಳಗೆ ಇದ್ದರೆ ಮೇಳ ಅಂತಲೇ ಕೇಳುತ್ತದೆ. ಎದುರುಬದುರು ಕೂತು ಹಾಡಿದರೂ ಸದ್ದು ಒಂದು ಮೀಟರ್ ದಾಟಲು 3 ಮಿಲಿಸೆಕೆಂಡ್ ಬೇಕು. ಅಜ್ಜಿ, ಮಗಳು, ಮೊಮ್ಮಗಳು ದೇವರ ಮುಂದೆ ಕೂತು ಹಾಡಿದ ಹಾಗೆ ಇರಲಿ. ಸೊನ್ನೆಗೆ ತರಬೇಕಿಲ್ಲ, ಮಲಗು.

ಶಿರಸಿ_ಮಲ್ಲಿಗೆ

ಎಲ್ಲರಿಗೂ, ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಇಲ್ಲಿ ಮಳೆ ಹಿಡಿದಿತ್ತು, ನಮ್ಮದು ಹೆಂಚಿನ ಮನೆ. ರಾತ್ರಿ 11ರ ಮೇಲೆ ಮಳೆ ನಿಂತಾಗ ಮಾತ್ರ ರೆಕಾರ್ಡ್ ಮಾಡಲು ಆಗುತ್ತಿತ್ತು.

-217 ಹಾಕಿ ಪರೀಕ್ಷೆ ಮಾಡಿದೆ, ಕ್ಲಿಕ್ ಮೇಲೆ ಕ್ಲಿಕ್ ಕೂತಿದೆ. ತಂಗಿ ಹೊಸದಾಗಿ ಹಾಡಿ ಕಳಿಸಿದಳು, ಮೊದಲಿಗೂ ಕೊನೆಗೂ ಕ್ಲಿಕ್ ಸ್ಪಷ್ಟವಾಗಿ ಬಂದಿವೆ. ಮೊದಲಿನದು ಕೂರಿಸಿದರೆ ಕೊನೆಯದು 36 ಮಿಲಿಸೆಕೆಂಡ್ ತಡ. ಎರಡು ಕ್ಲಿಕ್ ನಡುವೆ ಸರಿಯಾಗಿ 6 ನಿಮಿಷ.

ಮತ್ತೆ ಇನ್ನೊಂದು ತೊಂದರೆ. ಮಗಳು ಒಂದು ಚರಣ ಮತ್ತೆ ಹಾಡಿದಳು, ಕರೆಂಟ್ ಹೋಗಿತ್ತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿತ್ತು. ನಡುವೆ ಒಂದು ಕಡೆ ಟಪ್ ಅಂತ ಸದ್ದು, ಅಲ್ಲಿಂದ ಮುಂದೆ ಅವಳು ತಾಳಕ್ಕಿಂತ ಮುಂದೆ ಇದ್ದಾಳೆ. ಇದು ಯಾವ ಜಾತಿಯ ತಪ್ಪು?

ಕೋಣೆ_ಸ್ಟುಡಿಯೋ

ತಂಗಿಯವರದು ಮೊದಲು. 360 ಸೆಕೆಂಡಿಗೆ 0.036 ಅಂದರೆ ಶೇಕಡಾ 0.01. ಅವರ ಫೈಲ್ ಅಷ್ಟು ಉದ್ದ ಇದೆ, ಆದ್ದರಿಂದ ಚೇಂಜ್ ಸ್ಪೀಡ್ ಆಂಡ್ ಪಿಚ್‌ನಲ್ಲಿ 0.010 ಶೇಕಡಾ ಹೆಚ್ಚಿಸಿ. ಶ್ರುತಿ ಬದಲಾಗುತ್ತದಾ ಅಂತ ಹೆದರಬೇಡಿ, ಅಷ್ಟು ಸಣ್ಣದು ಯಾರ ಕಿವಿಗೂ ಸಿಗುವುದಿಲ್ಲ. ಟೆಂಪೋ ಬದಲಿಸುವ ಎಫೆಕ್ಟ್ ಬೇಡ, ಅದು ದನಿಯನ್ನು ತುಂಡು ತುಂಡು ಮಾಡಿ ಹೊಲಿಯುತ್ತದೆ.

ಮಗಳದ್ದು ನಾಲ್ಕನೆಯ ಜಾತಿ. ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ಪವರ್ ಉಳಿಸಲು ನಿಧಾನ ಆಯಿತು, ನಡುವೆ ಒಂದಷ್ಟು ಸ್ಯಾಂಪಲ್ ಬಿಟ್ಟುಹೋಯಿತು. ಬಿಟ್ಟುಹೋದಷ್ಟು ಮುಂದಿನದೆಲ್ಲ ಎಡಕ್ಕೆ ಸರಿಯಿತು. ಟಪ್ ಅಂದ ಜಾಗದಲ್ಲಿ ಕತ್ತರಿಸಿ ಬಲಗಡೆಯದನ್ನು ಸರಿಸಬಹುದು, ಆದರೆ ಹೋದ ದನಿ ಬರುವುದಿಲ್ಲ. ಅದೊಂದನ್ನು ಮತ್ತೆ ಹಾಡಿಸಿಬಿಡಿ. ವಿಂಡೋಸ್‌ನಲ್ಲಿ ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಡಿ, ಬ್ರೌಸರ್ ಮುಚ್ಚಿ, ಇಂಟರ್‌ಫೇಸನ್ನು ಹಬ್‌ಗೆ ಹಾಕಬೇಡಿ, ನೇರ ಲ್ಯಾಪ್‌ಟಾಪ್‌ಗೇ ಹಾಕಿ. ರೆಕಾರ್ಡಿಂಗ್ ಹೊತ್ತಲ್ಲಿ ಬಫರ್ ಜಾಸ್ತಿ ಇದ್ದರೂ ಪರವಾಗಿಲ್ಲ, ಆದರೆ ಬದಲಿಸಿದರೆ ಮತ್ತೆ ಅಳೆಯಿರಿ.

ಲಯವೇ_ಮುಖ್ಯ

ಅಮ್ಮನದು ಏನಾಯಿತು? ಅದನ್ನು ಹೇಳಲೇ ಇಲ್ಲ.

ಶಿರಸಿ_ಮಲ್ಲಿಗೆ

ಸರ್, ಒಂದು ಕಿವಿ ಬಿಟ್ಟು, ದಿಂಬು ಕೊಟ್ಟು, ನೀವು ಹೇಳಿದ ಹಾಗೆ ಕ್ಲಿಕ್ ತೆಗೆದು ಖಂಜಿರದ ಠೇಕಾ ಹಾಕಿದೆ. ಒಂದೇ ಟೇಕ್. ಆರು ನಿಮಿಷದಲ್ಲಿ ಎಲ್ಲೂ ಎಳೆಯಲಿಲ್ಲ. ಮುಗಿದ ಮೇಲೆ "ಈಗ ಸರಿ ಕೇಳ್ತು ನೋಡು" ಅಂದಳು. ಅವಳ ಟ್ರ್ಯಾಕನ್ನು ನಾನು ಮುಟ್ಟಿಲ್ಲ, ಉಳಿದ ಮೂರನ್ನೂ ಅವಳದ್ದಕ್ಕೇ ಕೂರಿಸುತ್ತಿದ್ದೇನೆ.

ಲಯವೇ_ಮುಖ್ಯ

ಬಹಳ ಸಂತೋಷ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಡಲ್ಲಾಸ್_ಬಳಗ

ಮುಗಿದ ಮೇಲೆ ಇಲ್ಲಿ ಕೇಳಿಸಿ ಅಕ್ಕ. ಇಲ್ಲಿ ಎಲ್ಲರೂ ಕಾಯುತ್ತಿದ್ದೇವೆ.

ಶಿರಸಿ_ಮಲ್ಲಿಗೆ

ಖಂಡಿತ. ಕೊನೆಯದಾಗಿ ಒಂದು ಪ್ರಶ್ನೆ, ತಂಗಿ ಚೌತಿಗೆ ಬರುವಾಗ ಹೊಸ ಮೈಕ್ ತರುತ್ತಾಳಂತೆ. ಮೈಕ್ ಬದಲಾದರೆ 217 ಮತ್ತೆ ಅಳೆಯಬೇಕಾ?

ಕೋಣೆ_ಸ್ಟುಡಿಯೋ

ಇದೇ ಇಂಟರ್‌ಫೇಸ್‌ಗೆ ಹಾಕುವ ಮೈಕ್ ಆದರೆ ಬೇಡ. ಯುಎಸ್‌ಬಿ ಮೈಕ್ ಆದರೆ ಬೇಕು, ಅದರ ತಡವೇ ಬೇರೆ, ಅದರೊಳಗೆ ಅದರದ್ದೇ ಗಡಿಯಾರವೂ ಇರುತ್ತದೆ. ತರುವ ಮೊದಲು ಯಾವುದು ಅಂತ ಕೇಳಿಕೊಳ್ಳಿ.